ನಿರೀಕ್ಷಿತ ಉತ್ತರ ಕೊಡದ ವಿದ್ಯಾರ್ಥಿ ಬೇಕು

ನಾವು ಬರೆಯುವ ಪಾಠ ಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆಯ ಪಕ್ಕದಲ್ಲೇ ವಿದ್ಯಾರ್ಥಿಗಳ ಚಟುವಟಿಕೆ ಎಂಬ ಅಂಕಣವಿದೆ. ಎಡಗಡೆ ನಮ್ಮ ಪ್ರಶ್ನೆ, ಬಲಗಡೆ ಅದರ ನಿರೀಕ್ಷಿತ ಉತ್ತರ. ನಾನು ಈವರೆಗೆ ಬರೆದ ಯೋಜನೆಗಳನ್ನು ಮೊನ್ನೆ ಒಟ್ಟಿಗೆ ಇಟ್ಟುಕೊಂಡು ತಿರುವಿಹಾಕಿದೆ. ಆ ಬಲಗಡೆಯ ಅಂಕಣದಲ್ಲಿ ಕುಳಿತಿರುವ ವಿದ್ಯಾರ್ಥಿ ಒಂದು ದಿನವೂ ತಪ್ಪು ಹೇಳಿಲ್ಲ. ಒಮ್ಮೆಯೂ ಸುಮ್ಮನೆ ನಿಂತಿಲ್ಲ. ಕೇಳಿದ್ದಕ್ಕೆ ಪೂರ್ಣ ವಾಕ್ಯದಲ್ಲಿ, ಪಠ್ಯಪುಸ್ತಕದ ಪದಗಳಲ್ಲಿ ಉತ್ತರಿಸುತ್ತಾನೆ. ಇಂಟರ್ನ್‌ಶಿಪ್ಪಿಗೆ ಹೋದ ಶಾಲೆಯಲ್ಲಿ ಇವನನ್ನು ಹೋಲುವ ಒಬ್ಬರೂ ನನಗೆ ಸಿಗಲಿಲ್ಲ.

ಅಭ್ಯಾಸ ಬೋಧನೆಯ ಸಿದ್ಧತೆಯಲ್ಲಿ ಸರಿ ಉತ್ತರಕ್ಕೆ ಇರುವಷ್ಟೇ ಜಾಗ ತಪ್ಪು ಉತ್ತರಕ್ಕೂ ಇರಬೇಕು ಎಂಬುದು ನನ್ನ ವಾದ. ತಪ್ಪನ್ನು ತಿದ್ದುವುದಕ್ಕೆ ಅಂತ ಅಲ್ಲ. ಅದಕ್ಕೆ ಮುಂಚೆ ಅದು ಎಲ್ಲಿಂದ ಹುಟ್ಟಿತು ಎಂದು ಹುಡುಕುವುದಕ್ಕೆ. ಈ ಅಭಿಪ್ರಾಯ ನನಗೆ ಶಿಕ್ಷಣಶಾಸ್ತ್ರದ ಪುಸ್ತಕದಿಂದ ಬಂದದ್ದಲ್ಲ. ರಾತ್ರಿ ಹತ್ತೂವರೆಯ ಮೇಲೆ ಹಾಸ್ಟೆಲಿನ ಕೋಣೆಯಲ್ಲಿ ನಾನು ಕಟ್ಟುತ್ತಿರುವ ಒಂದು ಹಳೆಯ ಯಂತ್ರದಿಂದ ಬಂತು. ಆದ್ದರಿಂದ ಮೊದಲು ಆ ಯಂತ್ರದ ವಿಷಯ.

ಪದವಿಯಲ್ಲಿ ಭೌತಶಾಸ್ತ್ರ, ಗಣಿತದ ಜೊತೆ ಎಲೆಕ್ಟ್ರಾನಿಕ್ಸ್ ಓದಿದವರಿಗೆ 8085 ಕಿಟ್ ನೆನಪಿರುತ್ತದೆ. ಪೆಟ್ಟಿಗೆಯೊಳಗೆ ಹಸಿರು ಬೋರ್ಡು, ಕ್ಯಾಲ್ಕುಲೇಟರಿನ ಥರದ ಕೀಲಿಗಳು, ಮೇಲುಗಡೆ ಕೆಂಪಗೆ ಹೊಳೆಯುವ ಆರು ಅಂಕಿಗಳು: ನಾಲ್ಕು ವಿಳಾಸಕ್ಕೆ, ಎರಡು ಆ ವಿಳಾಸದಲ್ಲಿರುವ ಮೌಲ್ಯಕ್ಕೆ. ಇಂಟೆಲ್ ಕಂಪನಿ 1976ರಲ್ಲಿ ತಂದ ಈ ಮೈಕ್ರೋಪ್ರೊಸೆಸರ್ ಒಂದು ಸಲಕ್ಕೆ 8 ಬಿಟ್ಟುಗಳನ್ನಷ್ಟೇ ಹಿಡಿಯಬಲ್ಲದು. ಅದಕ್ಕೆ ಗೊತ್ತಿರುವ ವಿಳಾಸಗಳು 65,536. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ನಾನು ಓದಿದ ಪದವಿ ಕಾಲೇಜಿನಲ್ಲಿ ನಾಲ್ಕು ಜನಕ್ಕೆ ಒಂದು ಕಿಟ್; ಅದರಲ್ಲೂ ಕೆಲವು ಕೀಲಿಗಳನ್ನು ಎರಡು ಸಲ ಒತ್ತಬೇಕಿತ್ತು. ಮೂರು ಗಂಟೆಯ ಪ್ರಯೋಗದಲ್ಲಿ ನನ್ನ ಕೈಗೆ ಸಿಗುತ್ತಿದ್ದದ್ದು ಹದಿನೈದು ನಿಮಿಷ. ಆ ಹಸಿವು ಹಾಗೇ ಉಳಿದಿತ್ತು.

ಅದೇ ಕಿಟ್ಟನ್ನು ಈಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಪೂರ್ತಿ ಪ್ರೋಗ್ರಾಮಿನಿಂದಲೇ ಕಟ್ಟುತ್ತಿದ್ದೇನೆ. ಇಂಥದ್ದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಹಳೆಯ ವಿಡಿಯೊ ಆಟಗಳನ್ನು ಆಡಲು ಹುಡುಗರು ಫೋನಿಗೆ ಹಾಕಿಕೊಳ್ಳುವುದೂ ಇದನ್ನೇ. 1984ರಲ್ಲಿ ಭಾರತ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರುಗಳನ್ನು ಕೊಡಲು ಶುರುಮಾಡಿತು. ಆ ಯಂತ್ರವನ್ನು ಈಗ ಮ್ಯೂಸಿಯಮ್ಮಿನಲ್ಲಿ ಹುಡುಕಬೇಕು. ಆದರೆ ಅದರ ಎಮ್ಯುಲೇಟರನ್ನು ಬ್ರೌಸರಿನಲ್ಲೇ ತೆರೆದು, ಅಂದು ಮೇಷ್ಟರೊಬ್ಬರು ಬರೆದಿರಬಹುದಾದ ಬೇಸಿಕ್ ಪ್ರೋಗ್ರಾಮನ್ನು ಇಂದು ಓಡಿಸಬಹುದು. ಯಂತ್ರ ಸತ್ತರೂ ಅದರ ನಡವಳಿಕೆ ಉಳಿಯುತ್ತದೆ.

ಕಟ್ಟುವ ಕೆಲಸ ಕೇಳಲು ಸರಳ. 65,536 ಸ್ಥಾನಗಳ ಒಂದು ಪಟ್ಟಿ, ಏಳೆಂಟು ರಿಜಿಸ್ಟರುಗಳು, ಒಂದು ಸುತ್ತು. ಪ್ರತಿ ಸುತ್ತಿನಲ್ಲೂ ಮುಂದಿನ ಸಂಕೇತವನ್ನು ಓದು, ಅದರ ಅರ್ಥವೇನೆಂದು ನೋಡು, ಹಾಗೆ ಮಾಡು. 76 ಬಂದರೆ ನಿಲ್ಲು. 80 ಬಂದರೆ ಎ ರಿಜಿಸ್ಟರಿಗೆ ಬಿ ರಿಜಿಸ್ಟರನ್ನು ಕೂಡಿಸು. ಹೀಗೆ 246 ಸಂಕೇತಗಳು. ಸಾಧ್ಯವಿರುವ 256ರಲ್ಲಿ ಉಳಿದ 10ರ ಬಗ್ಗೆ ಇಂಟೆಲ್ ಕೈಪಿಡಿ ಸುಮ್ಮನಿದೆ. ಆದರೆ ಚಿಪ್ ಸುಮ್ಮನಿಲ್ಲ, ಅವುಗಳಿಗೂ ಏನೋ ಒಂದು ಮಾಡುತ್ತದೆ. ಕೈಪಿಡಿಯಲ್ಲಿ ಇಲ್ಲದ್ದನ್ನು ಮಾಡುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಒಂದಿಬ್ಬರು ಇರುತ್ತಾರಲ್ಲ, ಹಾಗೆ.

ಇದಕ್ಕೆಲ್ಲ ಸಮಯ ಎಲ್ಲಿಂದ ಎಂದು ಮಾರ್ಗದರ್ಶಕರು ಕೇಳುವ ಮೊದಲೇ ನನ್ನ ದಿನದ ಲೆಕ್ಕ ಕೊಡುತ್ತೇನೆ. ಶಾಲೆಯ ಬಸ್ ಏಳೂಕಾಲಕ್ಕೆ. ಅದು ತಪ್ಪಿದರೆ ಪ್ರಾರ್ಥನೆ ತಪ್ಪುತ್ತದೆ, ಪ್ರಾರ್ಥನೆ ತಪ್ಪಿದರೆ ಹಾಜರಿ ಪುಸ್ತಕದ ಮುಂದೆ ವಿವರಣೆ. ಪಾಠ ನಲವತ್ತು ನಿಮಿಷ. ಅದರ ಯೋಜನೆ ಬರೆಯಲು ಮೂರು ಗಂಟೆ. ಈ ಮೂರು ಗಂಟೆಯಲ್ಲಿ ಪಾಠವನ್ನು ಹೇಗೆ ಮಾಡಬೇಕೆಂದು ಯೋಚಿಸಿದ್ದು ಮುಕ್ಕಾಲು ಗಂಟೆ ಇದ್ದೀತು. ಮಿಕ್ಕಿದ್ದು ಅಂಕಣ ಎಳೆಯಲು, ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಲು, ಕಳೆದ ವಾರದ ಉದ್ದೇಶಗಳನ್ನೇ ಕ್ರಿಯಾಪದ ಬದಲಿಸಿ ಮತ್ತೆ ಬರೆಯಲು, ಆಮೇಲೆ ಇಡೀ ಯೋಜನೆಯ ಎರಡನೆಯ ಪ್ರತಿ ಮಾಡಲು. ಎರಡನೆಯ ಪ್ರತಿ ಯಾರಿಗೆ ಎಂದು ಹಿರಿಯ ಪ್ರಶಿಕ್ಷಣಾರ್ಥಿಗಳನ್ನು ಕೇಳಿದೆ. ಅವರ ಹಿರಿಯರೂ ಬರೆದಿದ್ದರಂತೆ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳಿಗೆ ಒಂದು ಸಿಮ್ಯುಲೇಶನ್ ತೋರಿಸೋಣವೆಂದರೆ ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಅವರು ಬಂದ ದಿನ ಕರೆಂಟು ರಜೆಯಲ್ಲಿತ್ತು. ಕೊನೆಗೆ ಸಿಮ್ಯುಲೇಶನ್ನನ್ನು ಚಾರ್ಟ್ ಹಾಳೆಯ ಮೇಲೆ ಬರೆದೆ. ಇವು ದೊಡ್ಡ ಕಷ್ಟಗಳಲ್ಲ. ಆದರೆ ಪ್ರತಿದಿನದ ಈ ಚಿಲ್ಲರೆ ಖರ್ಚಿನಲ್ಲಿ ಯೋಚಿಸುವ ಹೊತ್ತೇ ಕರಗುತ್ತದೆ. ರಾತ್ರಿಯ ಆ ಒಂದೂವರೆ ಗಂಟೆಯಲ್ಲಿ ಯಾರ ಸಹಿಯೂ ಬೇಕಿಲ್ಲದ ಕೆಲಸ ಮಾಡುವುದರಿಂದಲೇ ಮಾರನೆಯ ದಿನ ಏಳೂಕಾಲಕ್ಕೆ ನಗುತ್ತ ಬಸ್ ಹತ್ತಲು ಆಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. 8085ರಲ್ಲಿ ಐದು ಫ್ಲ್ಯಾಗುಗಳಿವೆ. ಒಂದೊಂದೂ ಒಂದೊಂದು ಬಿಟ್. ಹಿಂದಿನ ಲೆಕ್ಕದಲ್ಲಿ ಏನಾಯಿತು ಎಂಬುದರ ಗುರುತು. ಅವುಗಳಲ್ಲಿ ಯಾರೂ ಗಮನಿಸದ ಒಂದು ಇದೆ, ಎಸಿ ಫ್ಲ್ಯಾಗ್. ಸಹಾಯಕ ದಶಕ ಎನ್ನಬಹುದು. ಪ್ರೊಸೆಸರ್ ಎಣಿಸುವುದು ಹದಿನಾರರ ಲೆಕ್ಕದಲ್ಲಿ, ನಮಗೆ ಬೇಕಾದ್ದು ಹತ್ತರ ಲೆಕ್ಕದಲ್ಲಿ. ಇವೆರಡನ್ನೂ ಹೊಂದಿಸಲು ಡಿಎಎ ಎಂಬ ಆಜ್ಞೆಯಿದೆ. ಕೂಡಿದ ಮೇಲೆ ಬಿಡಿ ಸ್ಥಾನದಲ್ಲಿ 9ಕ್ಕಿಂತ ದೊಡ್ಡದು ಉಳಿದಿದ್ದರೆ ಅದು 6 ಸೇರಿಸುತ್ತದೆ. ಬಿಡಿ ಸ್ಥಾನದಿಂದ ದಶಕ ಆಗಲೇ ಮುಂದೆ ಹೋಗಿದ್ದರೂ 6 ಸೇರಿಸುತ್ತದೆ. ದಶಕ ಹೋಯಿತೇ ಎಂದು ತಿಳಿಯಲು ನೋಡುವುದು ಈ ಎಸಿ ಫ್ಲ್ಯಾಗನ್ನು.

ಒಂದು ರಾತ್ರಿ ಬೇಕೆಂದೇ ಎಸಿ ಫ್ಲ್ಯಾಗನ್ನು ಕಿತ್ತುಹಾಕಿ ನೋಡಿದೆ. ಅದು ಇಲ್ಲದಿದ್ದರೆ ಯಂತ್ರ ಏನು ಮಾಡುತ್ತದೆ? 38ಕ್ಕೆ 45 ಕೂಡಿಸು ಎಂದೆ, 83 ಎಂದಿತು. 27ಕ್ಕೆ 35 ಎಂದೆ, 62. ಒಂದರ ಹಿಂದೊಂದು ಲೆಕ್ಕ ಕೊಟ್ಟೆ, ಎಲ್ಲವೂ ಸರಿ. 29ಕ್ಕೆ 18 ಕೂಡಿಸು ಎಂದಾಗ 41 ಎಂದಿತು. 48ಕ್ಕೆ 39 ಎಂದಾಗ 81. ಕಾರಣ ಕಾಗದದ ಮೇಲೆ ಬಿಡಿಸಿದರೆ ಸ್ಪಷ್ಟವಾಗಿದೆ. ಬಿಡಿ ಅಂಕಿಗಳ ಮೊತ್ತ 10ರಿಂದ 15ರವರೆಗೆ ಇದ್ದರೆ ಆ ಸ್ಥಾನದಲ್ಲಿ 9ಕ್ಕಿಂತ ದೊಡ್ಡದು ಕಣ್ಣಿಗೆ ಕಾಣುವಂತೆ ಉಳಿಯುತ್ತದೆ, ಯಂತ್ರ ತಿದ್ದಿಕೊಳ್ಳುತ್ತದೆ. ಮೊತ್ತ 16, 17 ಅಥವಾ 18 ಆದರೆ ದಶಕ ಮುಂದೆ ಹೋಗಿ ಬಿಡಿ ಸ್ಥಾನದಲ್ಲಿ 0, 1 ಅಥವಾ 2 ಮಾತ್ರ ಉಳಿಯುತ್ತದೆ. ಫ್ಲ್ಯಾಗ್ ಇಲ್ಲದ ಯಂತ್ರಕ್ಕೆ ಅಲ್ಲಿ ತೊಂದರೆಯೇ ಕಾಣುವುದಿಲ್ಲ. ಎರಡು ಬಿಡಿ ಅಂಕಿಗಳ ಜೋಡಿಗಳು ಒಟ್ಟು 100. ಅವುಗಳಲ್ಲಿ ಮೊತ್ತ 16 ಅಥವಾ ಹೆಚ್ಚು ಆಗುವುದು 6 ಮಾತ್ರ.

ಈ 6 ನನ್ನನ್ನು ತುಂಬ ಹೊತ್ತು ಕೂರಿಸಿತು. ಐದು ಲೆಕ್ಕಗಳ ಒಂದು ಕಿರುಪರೀಕ್ಷೆಯನ್ನು ಈ ಯಂತ್ರಕ್ಕೆ ಕೊಟ್ಟರೆ ಅದು ಐದಕ್ಕೆ ಐದು ತೆಗೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಅದರೊಳಗೆ ಒಂದು ಅಂಗವೇ ಇಲ್ಲ, ಆದರೂ ಪೂರ್ಣಾಂಕ. ತಪ್ಪಿದಾಗಲೂ ಅದು ಅಡ್ಡಾದಿಡ್ಡಿಯಾಗಿ ತಪ್ಪುವುದಿಲ್ಲ. ಪ್ರತಿ ಸಲವೂ ಸರಿಯಾಗಿ 6 ಕಡಿಮೆ. ತನ್ನ ನಿಯಮಕ್ಕೆ ಅದು ಪೂರ್ತಿ ನಿಷ್ಠೆಯಿಂದ ನಡೆದುಕೊಳ್ಳುತ್ತಿದೆ, ನಿಯಮವೇ ಅರ್ಧ.

ಮಕ್ಕಳ ವಿಷಯದಲ್ಲಿ ಇದನ್ನು ಬಹಳ ಹಿಂದೆಯೇ ಕಂಡವರಿದ್ದಾರೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಮಕ್ಕಳ ವ್ಯವಕಲನದ ಬಹಳಷ್ಟು ತಪ್ಪುಗಳು ಅಜಾಗರೂಕತೆಯಿಂದಲ್ಲ, ಸ್ವಲ್ಪ ಕೆಟ್ಟ ನಿಯಮವೊಂದನ್ನು ಶಿಸ್ತಾಗಿ ಪಾಲಿಸುವುದರಿಂದ ಬರುತ್ತವೆ ಎಂದು ತೋರಿಸಿದರು. ಉದಾಹರಣೆಗೆ 503ರಿಂದ 247 ಕಳೆಯಲು ಹೇಳಿದರೆ ಒಂದು ಮಗು 344 ಎಂದು ಬರೆಯುತ್ತದೆ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ, ಮೇಲೆ ಯಾವುದಿದೆ ಕೆಳಗೆ ಯಾವುದಿದೆ ಎಂದು ನೋಡಿಲ್ಲ. ನಮಗೆ ಮುಖ್ಯವಾದ ಸಂಗತಿ ಮುಂದಿನದು. ಅವರು ಬಗ್ಗಿ ಎಂಬ ಪ್ರೋಗ್ರಾಮ್ ಬರೆದು ಅದನ್ನು ಶಿಕ್ಷಕ ಪ್ರಶಿಕ್ಷಣಾರ್ಥಿಗಳ ಕೈಗೆ ಕೊಟ್ಟರು. ಕಂಪ್ಯೂಟರ್ ಒಬ್ಬ ವಿದ್ಯಾರ್ಥಿಯಂತೆ ನಟಿಸುತ್ತದೆ, ಒಂದು ಕೆಟ್ಟ ನಿಯಮವನ್ನು ಬಚ್ಚಿಟ್ಟುಕೊಂಡು ಉತ್ತರ ಕೊಡುತ್ತದೆ. ಪ್ರಶಿಕ್ಷಣಾರ್ಥಿ ತಾನೇ ಲೆಕ್ಕಗಳನ್ನು ಹೆಣೆದು ಕೊಟ್ಟು ಆ ನಿಯಮ ಯಾವುದೆಂದು ಪತ್ತೆ ಹಚ್ಚಬೇಕು. ಅಂದರೆ ವಿದ್ಯಾರ್ಥಿಯ ಎಮ್ಯುಲೇಟರ್! ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ ನಮ್ಮಂಥವರಿಗಾಗಿಯೇ ಇದನ್ನು ಮಾಡಿದ್ದರು.

ಇಂಟರ್ನ್‌ಶಿಪ್ಪಿನಲ್ಲಿ ಎಂಟನೆಯ ತರಗತಿಗೆ ಬೀಜೋಕ್ತಿಗಳ ಸಂಕಲನ ಶುರುಮಾಡುವ ಮೊದಲು ಪೂರ್ವಜ್ಞಾನ ನೋಡಲೆಂದು ಪೂರ್ಣಾಂಕಗಳ ನಾಲ್ಕು ಲೆಕ್ಕ ಕೊಟ್ಟೆ. ಎರಡನೆಯ ಬೆಂಚಿನ ಒಬ್ಬ ಹುಡುಗಿ 6 + 2 = 8 ಎಂದೂ (–5) + (–2) = –7 ಎಂದೂ ಬರೆದಿದ್ದಳು. ಎರಡೂ ಸರಿ. (–7) + 3 = –10 ಎಂದೂ 4 + (–9) = 13 ಎಂದೂ ಬರೆದಿದ್ದಳು. ಎರಡೂ ತಪ್ಪು. ನಾಲ್ಕಕ್ಕೆ ಎರಡು. ಅವಳ ಪಕ್ಕದವಳಿಗೂ ನಾಲ್ಕಕ್ಕೆ ಎರಡೇ, ಆದರೆ ಅವಳು ಎರಡು ಲೆಕ್ಕ ಮಾಡಿ ಉಳಿದೆರಡನ್ನು ಖಾಲಿ ಬಿಟ್ಟಿದ್ದಳು. ಅಂಕಪಟ್ಟಿಯಲ್ಲಿ ಇವರಿಬ್ಬರೂ ಒಂದೇ. “ಹೇಗ್ ಮಾಡ್ದೆ ಹೇಳಮ್ಮ” ಎಂದು ಮೊದಲನೆಯವಳನ್ನು ಕೇಳಿದೆ. “ಎರಡೂ ಕೂಡ್ಸೋದು ಮಿಸ್. ಮುಂದ್ಗಡೆ ಯಾವ ಗುರ್ತಿದ್ಯೋ ಅದನ್ನ ಹಾಕೋದು” ಎಂದಳು. ಅವಳ ಮಾತಿನಲ್ಲಿ ಅಳುಕಿರಲಿಲ್ಲ. ಏಕೆ ಇರಬೇಕು? ಒಂದೇ ಚಿಹ್ನೆಯ ಲೆಕ್ಕಗಳಿಗೆ ಆ ನಿಯಮ ಯಾವತ್ತೂ ಕೈಕೊಟ್ಟಿಲ್ಲ. ಆ ಲೆಕ್ಕಗಳಿಗೆ ರೈಟ್ ಮಾರ್ಕ್ ಬಿದ್ದಾಗಲೆಲ್ಲ ನಿಯಮ ಇನ್ನಷ್ಟು ಗಟ್ಟಿಯಾಗಿದೆ. ನಾವು ಪುನರ್ಬಲನ ಎನ್ನುವುದು ಇಲ್ಲಿ ಕೆಟ್ಟ ನಿಯಮಕ್ಕೇ ಸಂದಿದೆ.

ಹಿಂದಿನ ಬೆಂಚಿನಲ್ಲಿ ಇನ್ನೊಂದು ನಿಯಮ ಸಿಕ್ಕಿತು: ದೊಡ್ಡದರಿಂದ ಚಿಕ್ಕದನ್ನು ಕಳೆ, ಎಲ್ಲಾದರೂ ಒಂದು ಮೈನಸ್ ಕಂಡರೆ ಉತ್ತರಕ್ಕೂ ಮೈನಸ್ ಹಾಕು. ಈ ಹುಡುಗನಿಗೆ (–7) + 3 ಸರಿ ಬರುತ್ತದೆ, (–5) + (–2) ತಪ್ಪುತ್ತದೆ. ಹುಡುಗಿಗೆ ಇದರ ತಿರುಗು ಮುರುಗು. ಹಾಗಾದರೆ ಇಬ್ಬರನ್ನೂ, ಸರಿಯಾಗಿ ಬಲ್ಲವರನ್ನೂ, ಒಂದೇ ಲೆಕ್ಕದಲ್ಲಿ ಬೇರೆ ಬೇರೆಯಾಗಿ ಗುರುತಿಸಬಹುದೇ? ಬಹುದು. 9 + (–4) ಕೊಡಿ. ಬಲ್ಲವರು 5 ಎನ್ನುತ್ತಾರೆ, ಆ ಹುಡುಗಿ 13 ಎನ್ನುತ್ತಾಳೆ, ಈ ಹುಡುಗ –5 ಎನ್ನುತ್ತಾನೆ. ನನ್ನ ನಾಲ್ಕು ಲೆಕ್ಕಗಳ ಯಾವುದೊಂದಕ್ಕೂ ಒಂಟಿಯಾಗಿ ಈ ಶಕ್ತಿ ಇರಲಿಲ್ಲ. ಒಳ್ಳೆಯ ಪ್ರಶ್ನೆ ಎಂದರೆ ಏನು ಎಂದು ಪ್ರಶ್ನಿಸುವ ಕೌಶಲದಲ್ಲಿ ನಾವು ಓದುತ್ತೇವೆ: ಸ್ಪಷ್ಟವಾಗಿರಬೇಕು, ಸಂಕ್ಷಿಪ್ತವಾಗಿರಬೇಕು, ವ್ಯಾಕರಣಬದ್ಧವಾಗಿರಬೇಕು. ಬೇರೆ ಬೇರೆ ಯೋಚನೆಗಳಿಗೆ ಬೇರೆ ಬೇರೆ ಉತ್ತರ ಬರುವಂತಿರಬೇಕು ಎಂಬುದು ನನ್ನ ಅವಲೋಕನ ಪತ್ರದಲ್ಲಿ ಎಲ್ಲೂ ಇರಲಿಲ್ಲ.

ಇದನ್ನು ಕಲಿಯಲು ನಮಗೆ ಸೂಕ್ತ ಜಾಗ ಆಗಲೇ ಇದೆ. ಅಣುಬೋಧನೆ. ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು, ಮತ್ತೆ ಆರು. ವಿದ್ಯಾರ್ಥಿಗಳಾಗಿ ಕೂರುವವರು ನಮ್ಮ ಸಹಪಾಠಿಗಳೇ. ಅವರು ಏನು ಮಾಡುತ್ತಾರೆಂದು ನಮಗೆಲ್ಲ ಗೊತ್ತು. ಗೆಳತಿಗೆ ಅಂಕ ಕಡಿಮೆಯಾಗಬಾರದೆಂದು ಪ್ರಶ್ನೆ ಮುಗಿಯುವ ಮೊದಲೇ ಸರಿ ಉತ್ತರ ಹೇಳುತ್ತಾರೆ. ಎಂಟನೆಯ ತರಗತಿಯ ಮಗುವಿನ ಎಮ್ಯುಲೇಟರ್ ಆಗಬೇಕಾದವರು ಪಾಠ ಯೋಜನೆಯ ಬಲಗಡೆಯ ಅಂಕಣದ ಎಮ್ಯುಲೇಟರ್ ಆಗುತ್ತೇವೆ. ಶೋಧಕ ಪ್ರಶ್ನೆಗಳ ಕೌಶಲವನ್ನು ಅಭ್ಯಾಸ ಮಾಡುವ ದಿನ ಶೋಧಿಸಲು ಅಲ್ಲಿ ಏನೂ ಇರುವುದಿಲ್ಲ.

ಒಂದು ಭಾನುವಾರ ಹಾಸ್ಟೆಲಿನಲ್ಲಿ ನಾವು ಆರು ಜನ ಬೇರೊಂದು ರೀತಿ ಮಾಡಿ ನೋಡಿದೆವು. ‘ವಿದ್ಯಾರ್ಥಿ’ಗಳಿಗೆ ತಲಾ ಒಂದು ಚೀಟಿ. ಚೀಟಿಯಲ್ಲಿ ಒಂದು ಕೆಟ್ಟ ನಿಯಮ. ಕೇಳಿದ್ದಕ್ಕೆಲ್ಲ ಅದರ ಪ್ರಕಾರವೇ ಉತ್ತರಿಸಬೇಕು, ನಿಯಮವನ್ನು ಬಾಯಿಬಿಟ್ಟು ಹೇಳಬಾರದು. ಬೋಧಿಸುವವರು ಆರು ನಿಮಿಷದಲ್ಲಿ ಅದನ್ನು ಪತ್ತೆ ಮಾಡಬೇಕು. ಭೌತಶಾಸ್ತ್ರದ ಒಂದು ಚೀಟಿ ಹೀಗಿತ್ತು: ವಿದ್ಯುತ್ ಪ್ರವಾಹ ಬಲ್ಬಿನಲ್ಲಿ ಸ್ವಲ್ಪ ಸ್ವಲ್ಪ ಖರ್ಚಾಗುತ್ತದೆ. ಒಂದೇ ಬಲ್ಬಿನ ಮಂಡಲದಲ್ಲಿ, ಬಲ್ಬ್ ಉರಿಯುತ್ತದೆಯೇ ಎಂದಷ್ಟೇ ಕೇಳುವವರೆಗೆ ಈ ‘ವಿದ್ಯಾರ್ಥಿ’ ಜಾಣೆ. ಒಂದೇ ತೆರನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ ಯಾವುದು ಹೆಚ್ಚು ಉರಿಯುತ್ತದೆ ಎಂದು ಕೇಳಿದಾಗ ಮಾತ್ರ ಸಿಕ್ಕಿಬೀಳುತ್ತಾಳೆ. ಕನ್ನಡ ಬೋಧನೆಯ ಗೆಳತಿ ಬರೆದ ಚೀಟಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು: ಸಂಧಿಯಾದ ಪದದಲ್ಲಿ ಯ ಅಥವಾ ವ ಕಂಡರೆ ಆಗಮ ಸಂಧಿ ಎನ್ನು. ‘ಮನೆಯನ್ನು’ ಸರಿ, ‘ಗುರುವನ್ನು’ ಸರಿ. ‘ಅತ್ಯಂತ’, ‘ಮನ್ವಂತರ’ ಬಂದಾಗ ಯಣ್ ಸಂಧಿಯ ಜಾಗದಲ್ಲೂ ಆಗಮ ಎನ್ನುತ್ತಾಳೆ. ಮಕ್ಕಳು ಹಾಗೆ ಮಾಡುವುದನ್ನು ಅವಳು ಶಾಲೆಯಲ್ಲಿ ನೋಡಿದ್ದಳು. ಆಟ ಎಷ್ಟು ರಂಗೇರಿತೆಂದರೆ ಊಟದ ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಆರು ನಿಮಿಷದಲ್ಲಿ ಪತ್ತೆಯಾದದ್ದು ಐದರಲ್ಲಿ ಎರಡು ಚೀಟಿ. ತಪ್ಪನ್ನು ಕಂಡ ತಕ್ಷಣ ಸರಿ ಉತ್ತರವನ್ನು ವಿವರಿಸಲು ಹೊರಡುವ ಅಭ್ಯಾಸ ಎಲ್ಲರ ನಾಲಿಗೆಯಲ್ಲೂ ಕೂತಿದೆ. ವಿವರಿಸತೊಡಗಿದ ಮೇಲೆ ಪ್ರಶ್ನೆ ಕೇಳಲು ಸಮಯ ಉಳಿಯುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಸಮಯವಿಲ್ಲ ಎಂಬುದನ್ನು ನಾನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯ ಪ್ರತಿಯ ಬಗ್ಗೆ ಆಗಲೇ ಹೇಳಿದ್ದೇನೆ. ಮಗು ಯಂತ್ರವಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. 8085 ಇಂದು ಮಾಡಿದ್ದನ್ನೇ ನಾಳೆಯೂ ಮಾಡುತ್ತದೆ. ಮಗು ಹಾಗಲ್ಲ. ಬ್ರೌನ್ ಮತ್ತು ಬರ್ಟನ್ ಅವರ ಕೆಲಸವನ್ನು ಮುಂದುವರಿಸಿದ ಕರ್ಟ್ ವ್ಯಾನ್‌ಲೇನ್, ಒಂದೇ ಮಗುವಿನಲ್ಲಿ ಒಂದು ಕೆಟ್ಟ ನಿಯಮದ ಜಾಗಕ್ಕೆ ಇನ್ನೊಂದು ಬಂದು ಕೂರುವುದನ್ನು ಗುರುತಿಸಿದ್ದಾರೆ. ಬೆಳಿಗ್ಗೆ ತಿಂಡಿ ತಿನ್ನದೆ ಬಂದ ಮಗು ನಿಯಮವಿಲ್ಲದೆಯೂ ತಪ್ಪುತ್ತದೆ. ಹಾಗಾಗಿ ‘ಈ ಹುಡುಗಿಯ ದೋಷ ಇಂಥದ್ದು’ ಎಂದು ವಹಿಯಲ್ಲಿ ಹಣೆಪಟ್ಟಿ ಬರೆದಿಡುವುದಾದರೆ ನಾನು ಹೇಳುತ್ತಿರುವುದು ಏನೂ ಬೇಡ, ಈಗಿರುವುದೇ ಮೇಲು. ಚೀಟಿ ನಮ್ಮ ಅಭ್ಯಾಸಕ್ಕೆ, ಮಗುವಿನ ಕೊರಳಿಗಲ್ಲ. ನಾನು ಎಮ್ಯುಲೇಟರ್ ಕಟ್ಟುವಾಗ ಕೈಪಿಡಿ ಪಕ್ಕದಲ್ಲಿರುತ್ತದೆ. ಮಗುವಿನ ಮುಂದೆ ಕೂತಾಗ ಕೈಪಿಡಿ ಇಲ್ಲ, ಮಗುವನ್ನೇ ಕೇಳಬೇಕು. ಕೇಳಿದರೆ ಬಹಳ ಸಲ ಹೇಳುತ್ತವೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮುಂದಿನ ಅಣುಬೋಧನೆಯಲ್ಲಿ ಶೋಧಕ ಪ್ರಶ್ನೆಗಳ ಒಂದು ಸುತ್ತನ್ನಾದರೂ ಚೀಟಿಗಳೊಂದಿಗೆ ನಡೆಸಲಿ. ಅವಲೋಕನ ಪತ್ರದಲ್ಲಿ ಒಂದು ಸಾಲು ಸೇರಲಿ: ಈ ಪಾಠದಲ್ಲಿ ಬಂದ ಒಂದು ತಪ್ಪು ಉತ್ತರ ಯಾವುದು, ಅದರ ಹಿಂದಿನ ಯೋಚನೆಯನ್ನು ಪ್ರಶಿಕ್ಷಣಾರ್ಥಿ ಕೇಳಿ ತಿಳಿದರೇ? ಪಾಠದಲ್ಲಿ ಒಂದೂ ತಪ್ಪು ಉತ್ತರ ಬರಲಿಲ್ಲ ಎಂದಾದರೆ ಅದನ್ನೂ ಬರೆಯಲಿ, ಅದು ಹೊಗಳಿಕೆಯಾಗಬೇಕಿಲ್ಲ. ಇದಕ್ಕೆ ಬದಲಾಗಿ ಯೋಜನೆಯ ಎರಡನೆಯ ಪ್ರತಿಯನ್ನು ಕೈಬಿಡಬಹುದು.

ನಮ್ಮ ಡಬ್ಬಿಯಲ್ಲಿ ಈಗ 23 ಚೀಟಿಗಳಿವೆ. ಗಣಿತದ್ದು 11, ವಿಜ್ಞಾನದ್ದು 7, ಕನ್ನಡದ್ದು 5. ಎಲ್ಲವೂ ಶಾಲೆಯ ಮಕ್ಕಳಿಂದಲೇ ಕೇಳಿ ಬರೆದುಕೊಂಡವು. ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನದ್ದು ಒಂದೂ ಇಲ್ಲ, ಆ ವಿಷಯದವರು ನಮ್ಮ ಆರು ಜನರಲ್ಲಿ ಇರಲಿಲ್ಲ. ಅವರು ಈ ವಾರ ಶಾಲೆಗೆ ಹೋದಾಗ ಎರಡೆರಡು ತಂದುಕೊಟ್ಟರೂ ಸಾಕು, ಒಂದು ಸುತ್ತಿಗೆ ಆಗುತ್ತದೆ.